ಕೈ ನಿಲ್ಲಲಿ, ಕೊಡ ತಿರುಗಲಿ

ದುಂಡಗಿನ ವಸ್ತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೋಟೆಲಿನಲ್ಲಿ ಚಹಾದ ಲೋಟ ಬಂದರೆ ಅದನ್ನು ಎಡಗೈಯಿಂದ ಮೇಜಿನ ಮೇಲೆ ಮೆಲ್ಲಗೆ ತಿರುಗಿಸುತ್ತೇನೆ, ಬಲಗೈಯ ಬೆರಳೊಂದನ್ನು ಅದರ ಕಂಠಕ್ಕೆ ತಾಗಿಸಿ ಹಿಡಿಯುತ್ತೇನೆ. ಬೆರಳು ಅಲುಗುವುದಿಲ್ಲ, ಲೋಟ ಒಂದು ಸುತ್ತು ಬರುತ್ತದೆ. ಅಷ್ಟರಲ್ಲಿ ಚಹಾ ಆರಿರುತ್ತದೆ. ಬ್ಯಾಂಕಿಗೆ ಹೋದರೆ ಗೋಂದಿನ ಬಾಟಲಿ, ದವಾಖಾನೆಗೆ ಹೋದರೆ ಗುಳಿಗೆಯ ಡಬ್ಬಿ, ಮದುವೆಗೆ ಹೋದರೆ ಪಕ್ಕದಲ್ಲಿ ಕೂತವರ ನೀರಿನ ಗ್ಲಾಸು. ಒಮ್ಮೆ ಬೀಗರ ಮನೆಯಲ್ಲಿ ಅವರ ತುಂಬಿದ ಮಜ್ಜಿಗೆ ಲೋಟ ತಿರುಗಿಸಲು ಹೋಗಿ ಅವರ ಹೊಸ ಧೋತರಕ್ಕೆ ಅಭಿಷೇಕ ಮಾಡಿಸಿದ್ದೇನೆ. ನನ್ನ ಯಜಮಾನರು ಔರಾದ ಕಡೆಯ ಚಿಂತಾಕಿಯವರು, ಮಾತು ಕಡಿಮೆ. ತಲೆ ಬೋಳಾದ ಮೇಲೆ ಅವರು ನನ್ನ ಕೈಗೆ ಸಿಗುವಷ್ಟು ಹತ್ತಿರ ಕೂತು ಪೇಪರು ಓದುವುದನ್ನು ಬಿಟ್ಟಿದ್ದಾರೆ. ಕಾರಣ ಕೇಳಿದರೆ ನಕ್ಕು ಕುರ್ಚಿ ಇನ್ನಷ್ಟು ಆ ಕಡೆ ಸರಿಸಿಕೊಳ್ಳುತ್ತಾರೆ.

ಈ ಚಟದ ಮೂಲ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಬಹಳ ವರ್ಷ ಒಂದು ದೊಡ್ಡ ಸುಳ್ಳು ಹೇಳುತ್ತಿದ್ದೆ. ಆ ಸುಳ್ಳು ಮೊನ್ನೆ ಮೊನ್ನೆ ಬೀದರಿನಲ್ಲಿ ಸಿಕ್ಕಿಬಿತ್ತು. ಸಿಕ್ಕಿಬಿದ್ದ ರೀತಿ ನೆನೆದರೆ ಇವತ್ತಿಗೂ ಒಬ್ಬಳೇ ಕೂತು ನಗುತ್ತೇನೆ. 

ಬೀದರಿನ ಕೋಟೆಯ ರಸ್ತೆಯಲ್ಲಿರುವ ಒಂದು ಹಳೆಯ ಹಾಲ್‌ನಲ್ಲಿ ನನ್ನ ಕಲಾಪ್ರದರ್ಶನ ಇಡುವುದೆಂದು ಕೆಲವು ಉತ್ಸಾಹಿಗಳು ನಿಶ್ಚಯಿಸಿದರು. ಮುದ್ರಿಸಲಿದ್ದ ಪರಿಚಯದ ಹೊತ್ತಿಗೆಗಾಗಿ ಒಂದು ಫಾರ್ಮು ಕಳಿಸಿದರು. ಹೆಸರು, ಹುಟ್ಟಿದ ಊರು, ಓದು ಎಲ್ಲವನ್ನೂ ಪರೀಕ್ಷೆ ಬರೆಯುವ ಹುಡುಗಿಯ ಹುರುಪಿನಲ್ಲಿ ತುಂಬಿದೆ. ಕೊನೆಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ‘ನಿಮ್ಮ ಮೇಲೆ ಪ್ರಭಾವ ಬೀರಿದ ಕಲಾವಿದರು’ ಎಂದಿತ್ತು. ಅರ್ಧ ತಾಸು ಕೂತೆ. ಎರಡು ಸಲ ಚಹಾ ಮಾಡಿ ಎರಡು ಸಲವೂ ಆರಿಸಿದೆ. ಕಡೆಗೆ ವಾಡಿಕೆಯಂತೆ ಒಬ್ಬ ಹೊರದೇಶದ ಮಹಾ ಚಿತ್ರಕಾರನ ಹೆಸರು ಬರೆದು ಕಳಿಸಿಬಿಟ್ಟೆ.

ಆ ಮಹಾನುಭಾವರ ಒಂದೇ ಒಂದು ಚಿತ್ರವನ್ನೂ ನಾನು ನೋಡಿಲ್ಲ. ಹಿಂದೊಮ್ಮೆ ಕಲಬುರಗಿಯಲ್ಲಿ ನನ್ನ ಗೆರೆಗಳ ಮುಂದೆ ನಿಂತ ಒಬ್ಬ ವಿಮರ್ಶಕರು ಕಣ್ಣು ಕಿರಿದು ಮಾಡಿ, ಇವುಗಳಲ್ಲಿ ಇಂಥವರ ಛಾಯೆ ಇದೆಯಲ್ಲವೆ ಎಂದಿದ್ದರು. ಇಲ್ಲ ಎನ್ನಲು ಧೈರ್ಯ ಸಾಲಲಿಲ್ಲ. ತಲೆ ಆಡಿಸಿದೆ. ಆಮೇಲೆ ಗ್ರಂಥಾಲಯದಲ್ಲಿ ಆ ಛಾಯೆಯ ಒಡೆಯರನ್ನು ಹುಡುಕಿದೆ. ಪುಸ್ತಕ ಸಿಕ್ಕಿತು. ಚಿತ್ರಗಳಿದ್ದ ಹಾಳೆಗಳನ್ನು ಯಾರೋ ನನಗಿಂತ ಮೊದಲೇ ಪ್ರಭಾವಿತರಾಗಿ ಹರಿದುಕೊಂಡು ಹೋಗಿದ್ದರು. ಅಲ್ಲಿಂದ ಮುಂದೆ ಎಲ್ಲರಿಗೂ ಅದೇ ಹೆಸರು ಹೇಳುತ್ತ ಬಂದೆ. ಬಹಳ ದಿನ ಹೇಳಿದ ಸುಳ್ಳಿಗೆ ಒಂದು ಹಿರಿತನ ಬಂದುಬಿಡುತ್ತದೆ, ಅದರ ಎದುರು ನಿಲ್ಲಲು ನಮಗೇ ಸಂಕೋಚವಾಗುತ್ತದೆ.

ನನ್ನ ಕಲೆ ಎಂಥದು ಎಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ನೀವು ಏನೋ ಭಾರಿಯಾದದ್ದನ್ನು ಊಹಿಸಿಕೊಂಡೀರಿ. ನಮ್ಮ ಭಾಗದಲ್ಲಿ ನೀರು ಬೀಳದ ಕೊಳವೆಬಾವಿಗಳಿಗೆ ಬರವಿಲ್ಲ. ಅವುಗಳಿಂದ ಕಿತ್ತ ದಪ್ಪ ಪೈಪುಗಳು ಬದುಗಳ ಮೇಲೆ ಬಿದ್ದಿರುತ್ತವೆ. ಅವನ್ನು ತಂದು, ಎದೆಯೆತ್ತರಕ್ಕೆ ಕತ್ತರಿಸಿ, ನಿಲ್ಲಿಸಿ, ಸುತ್ತ ಬಣ್ಣದ ಗೆರೆ ಎಳೆಯುತ್ತೇನೆ. ಒಂದಕ್ಕೆ ಕೆಂಪು, ಹಸಿರು, ಕೆಂಪು. ಇನ್ನೊಂದಕ್ಕೆ ಹಳದಿಯ ನಡುವೆ ದಪ್ಪ ನೀಲಿ. ಅಷ್ಟೇ. ನನ್ನ ತಮ್ಮ ಇವುಗಳನ್ನು ನೋಡಿ, ಅಕ್ಕಾ, ಹೈವೇ ಪಕ್ಕದಾಗ ನಿಲ್ಲಸಲಾಕ ಮಾಡೀಯೇನು ಎಂದು ಕೇಳಿದ್ದಾನೆ. ಸಂಘಟಕರು ಮಾತ್ರ ಇದಕ್ಕೆ ‘ಅನಂತ’ ಎಂದು ಹೆಸರಿಟ್ಟರು. ಒಂದರಿಂದ ಇಪ್ಪತ್ಮೂರರವರೆಗೆ ಅನಂತ.

ನಮ್ಮೂರು ಭಾಲ್ಕಿ ತಾಲೂಕಿನದು. ಖಟಕ ಚಿಂಚೋಳಿಯ ಬಸ್ಸು ಇಳಿದು ಮುಕ್ಕಾಲು ತಾಸು ನಡೆದರೆ ಸಿಗುತ್ತದೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಸತತ ಎರಡನೆಯ ವರ್ಷ ಮಳೆ ಕೈಕೊಟ್ಟಿತು. ಬಾವಿಗಳು ತಳ ಕಂಡವು. ದನಗಳನ್ನು ಬಂದ ಬೆಲೆಗೆ ಕೊಟ್ಟರು. ಊರಿಗೆ ದಿನಕ್ಕೊಂದು ನೀರಿನ ಟ್ಯಾಂಕರು ಬರತೊಡಗಿತು. ದೊಡ್ಡವರಿಗೆ ಅದು ಎಂಥ ವರ್ಷವಾಗಿತ್ತೋ ನನಗೆ ಆಗ ತಿಳಿದಿರಲಿಲ್ಲ. ನಮಗೆ ಮಕ್ಕಳಿಗೆ ಟ್ಯಾಂಕರು ಎಂದರೆ ದಿನವೂ ಬರುವ ಸರ್ಕಸ್ಸು. ಅದರ ಹಿಂದೆ ಓಡುವುದು, ನಲ್ಲಿಯಿಂದ ಸೋರುವ ಹನಿಗೆ ಬಾಯಿ ಒಡ್ಡುವುದು, ಡ್ರೈವರನಿಂದ ಬೈಸಿಕೊಳ್ಳುವುದು, ಮರುದಿನ ಮತ್ತೆ ಓಡುವುದು. ಸ್ನಾನ ಮಾಡು ಎಂದು ಯಾರೂ ಗಂಟು ಬೀಳುತ್ತಿರಲಿಲ್ಲ ಎಂಬುದೂ ಆ ವರ್ಷದ ಬಗ್ಗೆ ನನಗಿರುವ ಪ್ರೀತಿಗೆ ಒಂದು ಕಾರಣ.

ಹಿತ್ತಾಳೆ, ತಾಮ್ರದ ಕೊಡ ಹೊತ್ತು ಟ್ಯಾಂಕರಿನ ಹಿಂದೆ ಓಡುವುದು ಆಗದ ಮಾತು. ಹೀಗಾಗಿ ಭಾಲ್ಕಿಯ ಅಂಗಡಿಯೊಂದರಿಂದ ಎಲ್ಲರೂ ಪ್ಲಾಸ್ಟಿಕ್ ಕೊಡ ತಂದರು. ಅಂಗಡಿಯವನು ಒಂದೇ ಲಾಟಿನ ಮಾಲು ತರಿಸಿದ್ದ. ಇಡೀ ಊರಿನ ಕೊಡಗಳು ಒಂದೇ ಅಳತೆ, ಒಂದೇ ಬಿಳಿಚಿದ ಹಸಿರು. ಬೆಳಿಗ್ಗೆ ಸಾಲಾಗಿ ಇಟ್ಟುಹೋದ ಕೊಡಗಳು ಟ್ಯಾಂಕರು ಬಂದಾಕ್ಷಣ ಒಂದಕ್ಕೊಂದು ಬೆರೆತುಹೋಗುತ್ತಿದ್ದವು. ಇದು ನಂದು, ಅದು ನಿಂದಲ್ಲ ಎಂದು ಹೆಂಗಸರು ಜುಟ್ಟಿಗೆ ಕೈ ಹಾಕುವವರೆಗೂ ಹೋಗುತ್ತಿತ್ತು. ಒಬ್ಬಾಕೆ ಗುರುತಿಗೆಂದು ಕೊಡಕ್ಕೆ ಕೆಂಪು ರಿಬ್ಬನ್ನು ಕಟ್ಟಿದಳು. ಮರುದಿನ ಹನ್ನೊಂದು ಕೊಡಗಳಿಗೆ ಕೆಂಪು ರಿಬ್ಬನ್ನು.

ಆಗ ಬಂದವರು ಝರೆಪ್ಪ. ಅವರು ನಮ್ಮೂರಿನಲ್ಲಿ ಕಾರಹುಣ್ಣಿಮೆಗೆ ಎತ್ತಿನ ಕೋಡುಗಳಿಗೆ ಬಣ್ಣ ಹಾಕುವವರು. ಉಳಿದ ದಿನ ಕೂಲಿ ಮಾಡುತ್ತಿದ್ದರು, ಕಾರಹುಣ್ಣಿಮೆಯ ಹಿಂದುಮುಂದಿನ ಮೂರು ದಿನ ಮಾತ್ರ ರಾಜ. ನಮ್ಮಲ್ಲಿ ಒಂದೊಂದು ಮನೆಯ ಎತ್ತಿಗೆ ಒಂದೊಂದು ಬಣ್ಣದ ವರಸೆ. ನಮ್ಮ ಮನೆಯದು ಕೆಂಪು, ಹಸಿರು, ಕೆಂಪು. ಆಚೆ ಮನೆಯದು ಹಳದಿ, ನೀಲಿ, ಹಳದಿ. ತಾತ ಮುತ್ತಾತರ ಕಾಲದಿಂದ ಬಂದ ಗುರುತು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎಲ್ಲವೂ ಝರೆಪ್ಪನವರ ತಲೆಯಲ್ಲಿತ್ತು. ಆ ವರ್ಷ ಬಣ್ಣದ ಡಬ್ಬಿಗಳಿದ್ದವು, ಹಾಕಲು ಕೋಡುಗಳಿರಲಿಲ್ಲ. ಅವರು ನಮ್ಮ ಅಂಗಳಕ್ಕೆ ಬಂದು, ಕಟ್ಟೆಯ ಕೆಳಗೆ ನಿಂತು, ನಮ್ಮ ಆಯಿಯೊಂದಿಗೆ ಮಾತಾಡಿದರು. ಆಯಿ ಎಂದರೆ ಅಪ್ಪನ ತಾಯಿ, ಊರಿನ ಅರ್ಧ ಪಂಚಾಯಿತಿ ನಡೆಯುತ್ತಿದ್ದದ್ದು ಅವಳ ಕಟ್ಟೆಯ ಮೇಲೆ.

“ಎತ್ತ ಹೋದ್ರ ಏನಾತ್ರಿ ಆಯಿ, ಮನಿ ಅವ ಅಲ್ಲೇನ್ರಿ. ಮನಿ ಗುರ್ತ ಕೊಡದ ಕಂಠಕ್ಕ ಹಾಕಿದ್ರ ಜಗಳ ಇರಂಗಿಲ್ಲ.”

ಆಯಿಗೆ ಆ ವಿಚಾರ ಬಹಳ ಹಿಡಿಸಿತು. ಮುಖ ಅರಳಿತು. ಆಮೇಲೆ ಒಂದು ಗಳಿಗೆ ಏನೋ ನೆನಪಾಗಿ ಬಾಡಿತು. “ಅದೆಲ್ಲ ಖರೆ ಝರೆಪ್ಪಾ. ಆದ್ರ ಕುಡಿಯೋ ನೀರಿನ ಕೊಡ ಅದು,” ಎಂದಳು.

ನಮ್ಮ ಮನೆಯಲ್ಲಿ ದಿನವೂ ಸಂಜೆ ವಚನ ಹಾಡುತ್ತಿದ್ದರು. ಮನುಷ್ಯರೆಲ್ಲ ಒಂದೇ ಎಂಬ ಸಾಲು ಬಂದಾಗ ಆಯಿಯ ದನಿ ಎಲ್ಲರಿಗಿಂತ ಮೇಲೆ ಏರುತ್ತಿತ್ತು. ಆದರೆ ಝರೆಪ್ಪನವರ ಓಣಿಯವರು ನಮ್ಮ ನೀರಿನ ಕೊಡ ಮುಟ್ಟುವಂತಿರಲಿಲ್ಲ. ಎತ್ತಿನ ಕೋಡು ಮುಟ್ಟಬಹುದಿತ್ತು, ಹೊಲ ಮುಟ್ಟಬಹುದಿತ್ತು, ಕಾಳಿನ ಚೀಲ ಹೊರಬಹುದಿತ್ತು. ಇದರಲ್ಲಿ ಏನು ಲೆಕ್ಕಾಚಾರವಿದೆ ಎಂದು ಆಗ ನಾನೂ ಕೇಳಲಿಲ್ಲ. ಟ್ಯಾಂಕರಿನ ಮುಂದೆ ಅವರ ಓಣಿಯ ಕೊಡಗಳ ಸಾಲೇ ಬೇರೆ ಇರುತ್ತಿತ್ತು.

ಝರೆಪ್ಪ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಅಥವಾ ನನಗೆ ಕಾಣಲಿಲ್ಲ. “ನಾ ಮುಟ್ಟಂಗಿಲ್ರಿ. ನಿಮ್ಮ ಮೊಮ್ಮಗಳು ಹಚ್ಚಲಿ, ನಾ ಈ ಕಡಿ ಕುಂತು ಹೇಳ್ತೇನಿ,” ಎಂದರು.

ನಾನು ಕಂಬಕ್ಕೆ ಜೋತುಬಿದ್ದು ನಿಂತಿದ್ದೆ. ಮೊಮ್ಮಗಳು ಎಂದದ್ದೇ ತಡ ಕಟ್ಟೆಯಿಂದ ಹಾರಿದೆ. ಆ ಹೊತ್ತಿನಲ್ಲಿ ನನಗೆ ಅನ್ಯಾಯವೇನೂ ಕಣ್ಣಿಗೆ ಬೀಳಲಿಲ್ಲ, ಬ್ರಷ್ಷು ಬಿತ್ತು. ಈಚಲ ಕಡ್ಡಿಯ ತುದಿ ಜಜ್ಜಿ ಮಾಡಿದ ಬ್ರಷ್ಷು ಅದು. ಅದನ್ನೂ ಅವರು ಕೈಗೆ ಕೊಡಲಿಲ್ಲ, ಕಲ್ಲಿನ ಮೇಲಿಟ್ಟು ಹಿಂದೆ ಸರಿದರು, ನಾನು ಎತ್ತಿಕೊಂಡೆ.

ಹೀಗೆ ನನ್ನ ಕಲಾಶಾಲೆ ಶುರುವಾಯಿತು. ಅಂಗಳದ ಬೇವಿನ ಮರದ ಒಂದು ಬದಿಗೆ ನಾನು, ಕೊಡ, ಬಣ್ಣ. ಮೂರು ಮಾರು ದೂರದಲ್ಲಿ ಅವರು. ಮೊದಲ ಕೊಡಕ್ಕೆ ನಾನು ಎಳೆದ ಗೆರೆ ಎಮ್ಮೆ ನಡೆದ ಹಾದಿಯಾಗಿತ್ತು. ಕೊಡವನ್ನು ನೆಲಕ್ಕಿಟ್ಟು ಅದರ ಸುತ್ತ ನಾನೇ ಕುಕ್ಕರಗಾಲಿನಲ್ಲಿ ಪ್ರದಕ್ಷಿಣೆ ಹಾಕಿದ್ದೆ. ಶುರುಮಾಡಿದ ಕಡೆಗೆ ಬರುವ ಹೊತ್ತಿಗೆ ಗೆರೆ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಝರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಂಗಿಯ ತೋಳು ಮೇಲೇರಿಸಿ, ತಮ್ಮ ಎಡಗೈಯನ್ನೇ ಮುಂದೆ ಚಾಚಿ, ಇನ್ನೊಂದು ಕಡ್ಡಿ ಬಣ್ಣದಲ್ಲದ್ದಿ ಮಣಿಕಟ್ಟಿನ ಮೇಲಿಟ್ಟರು. ಬಲಗೈ ಕದಲಲಿಲ್ಲ. ಎಡಗೈ ಮೊಣಕೈಯಿಂದ ಮೆಲ್ಲಗೆ ತಿರುಗಿತು. ಕೆಂಪು ಗೆರೆಯೊಂದು ಬಳೆ ತೊಡಿಸಿದಷ್ಟು ನೆಟ್ಟಗೆ ಬಂತು.

“ಕೈ ಓಡಸಬ್ಯಾಡ ತಾಯಿ. ಕೈ ನಿಲ್ಲಲಿ, ಕೊಡ ತಿರಗಲಿ. ಗೆರಿ ಎಲ್ಲಿ ಶುರು ಆತು, ಎಲ್ಲಿ ಕೂಡ್ತು, ಅದು ನಿನಗ ಸೈತ ತಿಳೀಬಾರದು.”

ಒಂದು ಮನೆಯ ಕೊಡ ಬಂತೆಂದರೆ ಅವರು ಆ ಮನೆಯ ವರಸೆಯನ್ನು ತಮ್ಮ ತೋಳಿನ ಮೇಲೆ ಹಾಕಿ ತೋರಿಸುವರು. ನಾನು ನೋಡಿಕೊಂಡು ಕೊಡದ ಕಂಠಕ್ಕೆ ಇಳಿಸುವೆ. ಸಂಜೆಯಾಗುವಷ್ಟರಲ್ಲಿ ಅವರ ಎಡಗೈ ಮಣಿಕಟ್ಟಿನಿಂದ ಹೆಗಲವರೆಗೆ ಊರಿನ ಎಲ್ಲ ಮನೆಗಳಿಂದ ತುಂಬಿರುತ್ತಿತ್ತು. ಗೌಡರ ಮನೆಯ ಮೇಲೆ ಅಂಗಡಿಯವರ ಮನೆ, ಅದರ ಮೇಲೆ ನಮ್ಮ ಮನೆ. ಅವರ ಹೆಂಡತಿ ಪದ್ಮಿಣಬಾಯಿ ದಿನವೂ ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಇಡೀ ಊರನ್ನು ಉಜ್ಜಿ ತೆಗೆಯುತ್ತಿದ್ದರಂತೆ, ಉಜ್ಜುವಾಗ ಒಂದೊಂದು ಮನೆಯವರಿಗೂ ಹೆಸರು ಹಿಡಿದು ಬೈಯುತ್ತಿದ್ದರಂತೆ.

ಮೂರನೆಯ ದಿನ ನನ್ನ ಬಾಯಿಂದ ತಾನೇ ತಾನಾಗಿ ‘ಕಾಕಾ’ ಎಂಬ ಮಾತು ಬಂತು. ಅಲ್ಲಿಯವರೆಗೆ ನಾವು ಮಕ್ಕಳು ಕೂಡ ಅವರನ್ನು ಬರೀ ಹೆಸರಿನಿಂದ ಕರೆಯುತ್ತಿದ್ದೆವು. ಆಯಿ ಕಟ್ಟೆಯ ಮೇಲಿನಿಂದ ಕಣ್ಣು ಬಿಟ್ಟಳು. ನಾನು ಗೆರೆ ಕೆಡುತ್ತದೆ ಎಂಬ ನೆಪದಲ್ಲಿ ತಲೆ ಎತ್ತಲಿಲ್ಲ.

ಕೊಡಗಳು ಮುಗಿದವು, ಹುಚ್ಚು ಮುಗಿಯಲಿಲ್ಲ. ಆಯಿಯ ಕೋಲಿಗೆ ಗೆರೆ ಹಾಕಿದೆ. ಅಪ್ಪನ ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡೂ ಕಡೆ ಮನೆಯ ವರಸೆ ಹಾಕಿದೆ. ಅಪ್ಪ ಅದನ್ನೇರಿ ಭಾತಂಬ್ರಾಕ್ಕೆ ಹೋದಾಗ ಅಲ್ಲಿಯವರು, ಎತ್ತು ಛಲೋ ಅದ, ಎಷ್ಟು ಹಲ್ಲಿಂದು ಎಂದು ವಿಚಾರಿಸಿದರಂತೆ. ಲಟ್ಟಣಿಗೆ, ಒನಕೆ, ತಮ್ಮನ ಕಾಲು, ಕೋಳಿಯ ಕಾಲು, ಯಾವುದನ್ನೂ ಬಿಡಲಿಲ್ಲ. ಬೆಕ್ಕಿನ ಬಾಲಕ್ಕೆ ಹಾಕಿದ್ದು ಮಾತ್ರ ಅಷ್ಟು ನೀಟಾಗಿ ಬರಲಿಲ್ಲ, ಬೆಕ್ಕಿನ ಸಹಕಾರ ಸಿಗಲಿಲ್ಲ. ಜಗತ್ತಿನಲ್ಲಿ ಇಷ್ಟೊಂದು ದುಂಡಗಿನ ವಸ್ತುಗಳಿವೆ ಎಂಬುದೇ ನನಗೆ ತಲೆತಿರುಗುವಷ್ಟು ಸಂತೋಷದ ಸುದ್ದಿಯಾಗಿತ್ತು.

ಊರು ಖಾಲಿಯಾಗತೊಡಗಿದ್ದೂ ಆಗಲೇ. ಭಾಲ್ಕಿಯ ಸ್ಟೇಷನ್ನಿನಿಂದ ಹೈದರಾಬಾದಿನ ಗಾಡಿ ಹತ್ತಿ ಮನೆಮನೆಗಳೇ ಹೊರಟವು. ಹೋದವರು ಕೊಡವನ್ನೂ ಒಯ್ದರು. ಒಂದು ದಿನ ಝರೆಪ್ಪ ಕಾಕಾ ಕೂಡ ಗಂಟು ಕಟ್ಟಿದರು. ಪದ್ಮಿಣಬಾಯಿಯ ತಲೆಯ ಮೇಲೆ ಕೊಡವಿತ್ತು, ಬರೀ ಹಸಿರು ಕೊಡ, ಒಂದು ಗೆರೆಯೂ ಇಲ್ಲದ್ದು. ಕಾಕಾನ ಮನೆಗೆ ಎತ್ತು ಇರಲಿಲ್ಲ, ಎತ್ತು ಇಲ್ಲದ ಮನೆಗೆ ವರಸೆ ಇಲ್ಲ. ಅವರ ಓಣಿಯ ಒಂದು ಕೊಡವೂ ನನ್ನ ಹತ್ತಿರ ಬಂದಿರಲಿಲ್ಲ. ತಾ ಎಂದು ನಾನೂ ಕೇಳಿರಲಿಲ್ಲ. ಅವರು ಈಚಲ ಕಡ್ಡಿಯನ್ನು ಕಟ್ಟೆಯ ಮೇಲಿಟ್ಟು, ಬಣ್ಣ ಒಣಗಗೊಡಬ್ಯಾಡ ಎಂದು ಹೇಳಿ ಹೋದರು. ಅವತ್ತು ನಾನು ಬಹಳ ಅತ್ತೆ. ಅತ್ತು ಮುಗಿದ ಮೇಲೆ ಡಬ್ಬಿ ತೆರೆದು ನೋಡಿದೆ, ನೀಲಿ ಇನ್ನೂ ಅರ್ಧ ಉಳಿದಿತ್ತು, ಸಮಾಧಾನವಾಯಿತು.

ಗುರುಗಳಿಲ್ಲದ ವಿದ್ಯೆಯ ಫಲ ಒಂದೇ ತಿಂಗಳಿಗೆ ಕಂಡಿತು. ನಮ್ಮೂರಿನಲ್ಲಿ ಅಣ್ಣತಮ್ಮಂದಿರ ಎರಡು ಮನೆಗಳಿದ್ದವು, ನಡುವೆ ಒಂದು ಗೋಡೆ, ಏಳೆಂಟು ವರ್ಷಗಳಿಂದ ಮಾತಿಲ್ಲ. ಅಣ್ಣನ ವರಸೆ ಕೆಂಪು, ಹಳದಿ, ಕೆಂಪು. ತಮ್ಮನದು ಹಳದಿ, ಕೆಂಪು, ಹಳದಿ. ಮಾಸಿದ ಗೆರೆಗಳ ಮೇಲೆ ಹೊಸ ಬಣ್ಣ ಹಾಕಲು ಎರಡೂ ಮನೆಯ ಕೊಡಗಳು ನನ್ನಲ್ಲಿಗೆ ಬಂದವು. ನಾನು ಧೈರ್ಯವಾಗಿ ಅದಲುಬದಲು ಮಾಡಿ ಕಳಿಸಿದೆ. ಅಷ್ಟರಲ್ಲಿ ಊರಿಗೆ ಗೆರೆ ನೋಡಿಯೇ ಕೊಡ ಎತ್ತುವುದು ರೂಢಿಯಾಗಿತ್ತು. ವಾರೊಪ್ಪತ್ತು ಅಣ್ಣನ ಮನೆಯವರು ತಮ್ಮನ ಕೊಡದ ನೀರು ಕುಡಿದರು, ತಮ್ಮನ ಮನೆಯವರು ಅಣ್ಣನ ಕೊಡದ್ದು. ಒಂದು ದಿನ ಅಣ್ಣನ ಹೆಂಡತಿಗೆ ತಾನು ಮೇಣ ಹಚ್ಚಿ ಮುಚ್ಚಿದ್ದ ತೂತು ಕೊಡದಲ್ಲಿ ಕಾಣಲಿಲ್ಲ. ಗೋಡೆಯಾಚೆ ಇಣುಕಿದರೆ ಅದು ಅಲ್ಲಿತ್ತು. ಕೊಡ ಬದಲಿಸಿಕೊಳ್ಳಲು ಹೊಸ್ತಿಲವರೆಗೆ ಹೋಗಲೇಬೇಕಾಯಿತು. ಹೋದ ಮೇಲೆ ಕೊಡ ಗೆರೆಯದೋ ತೂತಿನದೋ ಎಂದು ವಾದಿಸಲೇಬೇಕಾಯಿತು. ವಾದ ಸಂಜೆಯವರೆಗೆ ನಡೆದು, ನಡುವೆ ಚಹಾ ಆಗಿ, ಕೊಡ ಅದಲುಬದಲಾಗಿಯೇ ಉಳಿಯಿತು. ಗಂಡಸರು ಮಾತು ಬಿಟ್ಟೇ ಇದ್ದರು. ಹೆಂಗಸರು ಮಾತ್ರ ಆ ಎಂಟು ವರ್ಷಗಳ ಬಾಕಿ ಮಾತೆಲ್ಲ ಒಂದೇ ಬೇಸಿಗೆಯಲ್ಲಿ ಮುಗಿಸಿದರು.

ಇನ್ನೊಂದು ಸಂಗತಿ. ಹಬ್ಬಕ್ಕೆಂದು ಹೈದರಾಬಾದಿನಿಂದ ಬಂದ ನೆರೆಮನೆಯ ಇಂದುಬಾಯಿ ಹೇಳಿದ್ದು. ಅಲ್ಲಿ ಯಾವುದೋ ಕಟ್ಟಡದ ಕೆಲಸದ ಕಡೆ ಟ್ಯಾಂಕರಿಗೆ ನೂರಾರು ಕೊಡ. ಯಾರ ಮಾತು ಯಾರಿಗೂ ತಿಳಿಯದು. ಅಳು ಬಂದು ನಿಂತಾಗ ಒಂದು ಕೊಡದ ಕಂಠದಲ್ಲಿ ಹಳದಿ, ನೀಲಿ, ಹಳದಿ ಕಂಡಿತಂತೆ. ಇಂದುಬಾಯಿ ತನ್ನ ಪಾಳಿ ಬಿಟ್ಟು ಆ ಕೊಡದ ಬೆನ್ನು ಹತ್ತಿ ಮೂರು ಗಲ್ಲಿ ದಾಟಿದಳಂತೆ. ಕೊಡ ಹೊತ್ತವಳು ತಿರುಗಿ ನೋಡಿದರೆ ನಮ್ಮೂರಿನ ಗುಂಡಪ್ಪನ ಹೆಂಡತಿ. ಇಬ್ಬರೂ ನಡುಬೀದಿಯಲ್ಲಿ ತಬ್ಬಿಕೊಂಡು ನೀರು ಚೆಲ್ಲಿದರಂತೆ. ಅದನ್ನು ಕೇಳಿ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನ್ನ ಗೆರೆ, ನನ್ನ ಗೆರೆ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಕಾಕಾನ ಗೆರೆ ಎಂದು ಒಬ್ಬರಿಗೂ ಹೇಳಿದ ನೆನಪಿಲ್ಲ.

ಮುಂದೆ ಕಲಬುರಗಿಯಲ್ಲಿ ಚಿತ್ರಕಲೆ ಓದಿದೆ, ಔರಾದಿನ ಸಾಲೆಯಲ್ಲಿ ಡ್ರಾಯಿಂಗ್ ಟೀಚರಾದೆ. ಅಲ್ಲಿಯೂ ಒಂದು ಬರದ ವರ್ಷ ಬಂತು. ಪಠ್ಯದಲ್ಲಿ ಜಲವರ್ಣ ಇತ್ತು, ಸಾಲೆಯಲ್ಲಿ ಕುಡಿಯಲೇ ನೀರಿರಲಿಲ್ಲ. ಬ್ರಷ್ಷು ಅದ್ದಲು ನೀರು ಕೇಳಿದ್ದಕ್ಕೆ ಹೆಡ್‌ಮಾಸ್ತರರು ನನ್ನನ್ನು ನೋಡಿದ ನೋಟ ಮರೆಯುವಂಥದಲ್ಲ. ಮಕ್ಕಳು ಮಾತ್ರ ಚಿಂತೆ ಮಾಡಲಿಲ್ಲ, ಬ್ರಷ್ಷನ್ನು ನಾಲಿಗೆಗೆ ಒತ್ತಿ ಬಣ್ಣ ಕಲಸಿದರು. ಆ ವರ್ಷ ನಲವತ್ತು ಸೊಗಸಾದ ಸೂರ್ಯೋದಯಗಳೂ ನಲವತ್ತು ನೀಲಿ ನಾಲಿಗೆಗಳೂ ತಯಾರಾದವು. ತಾಯಂದಿರು ಬಂದು, ಮಕ್ಕಳಿಗೆ ಏನ ತಿನ್ನಸೀರಿ ಎಂದು ಕೇಳಿದರು. ಎಲ್ಲಿಗೋ ಹೋದೆ ನೋಡಿ. ಹೇಳಬೇಕಾದದ್ದು ಇಷ್ಟು. ಇಷ್ಟು ವರ್ಷಗಳಲ್ಲಿ ಝರೆಪ್ಪ ಕಾಕಾ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಎಂದು ನಾನು ಹುಡುಕಲಿಲ್ಲ. ಔರಾದಿನಿಂದ ಭಾಲ್ಕಿ ಎಷ್ಟು ದೂರ ಹೇಳಿ, ಊರಿಗೆ ಹೋಗಿ ಅವರ ಓಣಿಯಲ್ಲಿ ಕೇಳಿದ್ದರೆ ಸಾಕಿತ್ತು. ಅವರ ಗೆರೆಗಳನ್ನು ಎಳೆಯುತ್ತ, ಹೊರದೇಶದವರ ಹೆಸರು ಹೇಳುತ್ತ ಹಾಯಾಗಿದ್ದೆ.

ಪ್ರದರ್ಶನದ ಮೊದಲ ದಿನ ಸಾಲೆಯ ಮಕ್ಕಳು ಬಂದು ಪೈಪುಗಳನ್ನು ತಬ್ಬಿಕೊಂಡು ಅಲುಗಾಡಿಸಿದ್ದರಿಂದ, ಎರಡನೆಯ ದಿನ ಒಂದು ಬೋರ್ಡು ನಿಲ್ಲಿಸಿದ್ದೆವು. ‘ದಯವಿಟ್ಟು ಕಲಾಕೃತಿಗಳನ್ನು ಮುಟ್ಟಬೇಡಿ’ ಎಂದು ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ. ಮಧ್ಯಾಹ್ನದ ಹೊತ್ತಿಗೆ ಎಂಬತ್ತರ ಆಸುಪಾಸಿನ ಒಬ್ಬ ಹಿರಿಯರು, ಬಿಳಿ ಅಂಗಿ, ಬಿಳಿ ಧೋತರ, ಮಗಳ ಕೈ ಹಿಡಿದು ಒಳಗೆ ಬಂದರು. ಬಾಗಿಲಲ್ಲೇ ನಿಂತು ಕನ್ನಡಕ ಹಾಕಿಕೊಂಡು ಬೋರ್ಡನ್ನು ಅಕ್ಷರ ಅಕ್ಷರ ಓದಿದರು. ಓದಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಮೂರು ಮಾರು ದೂರ ನಿಂತು ನೋಡತೊಡಗಿದರು.

ಆ ನಿಲುವಿನಿಂದಲೇ ಗುರುತು ಹಿಡಿದೆ. ನನ್ನ ಕೈಯಲ್ಲಿ ಪರಿಚಯದ ಹೊತ್ತಿಗೆಯ ಕಟ್ಟು ಇತ್ತು. ಏನು ತೋಚಿತೋ, ಅದನ್ನು ಸರಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟೆ. ಅವರ ಕೈ ಬೆನ್ನ ಹಿಂದೆ, ನನ್ನ ಕೈಯೂ ಬೆನ್ನ ಹಿಂದೆ. ಹಾಗೆ ಎದುರುಬದುರು ನಿಂತ ನಮ್ಮನ್ನು ನೋಡಿ ಸಂಘಟಕರು ಇದೂ ಒಂದು ಕಲಾಕೃತಿ ಎಂದುಕೊಂಡಿರಬೇಕು.

ಅವರು ಎಂದೋ ಹೈದರಾಬಾದಿನಿಂದ ಮರಳಿದ್ದರಂತೆ, ಮಗಳು ಸುಜಾತಾ ಭಾಲ್ಕಿಯ ಒಂದು ಸಾಲೆಯಲ್ಲಿ ಮುಖ್ಯ ಶಿಕ್ಷಕಿಯಂತೆ. ಪೇಪರಿನಲ್ಲಿ ಪೈಪುಗಳ ಫೋಟೊ ನೋಡಿದ ಕಾಕಾ, ಇವು ನಮ್ಮೂರ ಎತ್ತು, ನೋಡಲಾಕ ಹೋಗೂನು ನಡಿ ಎಂದು ಎರಡು ದಿನದಿಂದ ಹಟ ಹಿಡಿದಿದ್ದರಂತೆ. ಪೈಪುಗಳನ್ನು ನಾನು ಊರಿನ ಮನೆಗಳ ಸಾಲಿನಂತೆಯೇ ನಿಲ್ಲಿಸಿದ್ದೆ, ಕಾಕಾ ಒಂದೊಂದರ ಮುಂದೆ ನಿಂತು ಓದಿದರು. ಇದು ನಿಮ್ಮನಿ. ಇದು ಗುಂಡಪ್ಪಂದು. ಇದು ಅಂಗಡಿಯವರದು, ಅವರ ಎತ್ತು ಭಾಳ ಕಿಸೂರಿ, ಹತ್ತಿರ ಹೋದ್ರ ಹಾಯ್ತಿತ್ತು. ಅನಂತ ಒಂದರಿಂದ ಅನಂತ ಇಪ್ಪತ್ಮೂರರವರೆಗೆ ಎಲ್ಲಕ್ಕೂ ಮನೆ, ಮನೆಗೆ ಮನುಷ್ಯರು, ಮನುಷ್ಯರಿಗೆ ಎತ್ತು ಬಂದು ನಿಂತವು. ಸಂಘಟಕರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಅಣ್ಣತಮ್ಮಂದಿರ ಪೈಪುಗಳ ಹತ್ತಿರ ಮಾತ್ರ ಕಾಕಾ ನಿಂತು, ಇವೆರಡೂ ಅದಲಬದಲ ಆಗ್ಯಾವಲ್ಲ ಎಂದರು. ಹೆಂಗಸರ ಚಹಾದ ಕತೆ ಹೇಳಿದೆ. ಮೊದಲಿನಂತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಂಗಾದ್ರ ತಪ್ಪಿದ್ದೇ ಛಲೋ ಆತು, ಹಂಗೇ ಇರಲಿ ಎಂದರು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಇನ್ನೊಂದು ಹೊತ್ತಿಗೆ ಸುಜಾತಾ ಕೈಗೆ ಸಿಕ್ಕಿಬಿಟ್ಟಿತ್ತು. ಕೊನೆಯ ಸಾಲನ್ನು ಅಪ್ಪನಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ನನಗೆ ಕಿವಿಯವರೆಗೂ ಬಿಸಿಯಾಯಿತು. ಕಾಕಾ ಆ ಉದ್ದನೆಯ ಹೆಸರನ್ನು ಇನ್ನೊಮ್ಮೆ ಓದಿಸಿದರು.

“ಇವರು ಎಲ್ಲಿಯವರು?”

“ಹೊರದೇಶದವರು ಕಾಕಾ.”

“ಅವರೂರಿಗೂ ಟ್ಯಾಂಕರ್ ಬರ್ತಿತ್ತೇನು?”

ಸುಜಾತಾ ನಕ್ಕಳು, ಸಂಘಟಕರು ನಕ್ಕರು, ನಾನೂ ನಗಲು ಹೋದೆ, ಆಗಲಿಲ್ಲ. “ಅವರ ಒಂದ ಚಿತ್ರನೂ ನಾ ನೋಡಿಲ್ಲ ಕಾಕಾ. ಸುಳ್ಳ ಬರದೇನಿ. ನಿಮ್ಮ ಹೆಸರು ಬರೀಬೇಕಾಗಿತ್ತು,” ಎಂದೆ. ನಲವತ್ತು ವರ್ಷ ಹೇಳದ ಮಾತು ಹೇಳುವುದಕ್ಕೆ ಅರ್ಧ ನಿಮಿಷ ಕೂಡ ಹಿಡಿಯಲಿಲ್ಲ, ನಾಚಿಕೆಯಾಯಿತು.

ಕಾಕಾ ಪೈಪುಗಳ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ನೋಡಿ, ನಮ್ಮ ಮನಿದು ಎಲ್ಲದ ಎಂದು ಕೇಳಿದರು.

“ನಿಮ್ಮ ಮನಿಗೆ ಎತ್ತು ಇರಲಿಲ್ಲಲ್ಲ ಕಾಕಾ. ವರಸಿ ಇರಲಿಲ್ಲ.”

“ಇತ್ತು. ಯಾರೂ ಕೇಳಲಿಲ್ಲ.”

 ಬಾಗಿಲು ಬಡಿದುಕೊಳ್ಳದಂತೆ ಒಂದು ಬರೀ ಪೈಪನ್ನು ಆನಿಸಿ ನಿಲ್ಲಿಸಿದ್ದೆವು. ಅದನ್ನು ಎಳೆದು ತಂದು ನಡುವೆ ನಿಲ್ಲಿಸಿದೆ. ಚೀಲದಿಂದ ಬಣ್ಣ, ಬ್ರಷ್ಷು ತೆಗೆದೆ. ಬಣ್ಣ ಹಾಕಿಕೊಳ್ಳಲು ತಟ್ಟೆ ಸಿಗಲಿಲ್ಲ, ಆ ‘ಮುಟ್ಟಬೇಡಿ’ ಬೋರ್ಡನ್ನೇ ಕಿತ್ತು ಬೋರಲು ಹಾಕಿ ಅದರ ಮೇಲೆ ಬಣ್ಣ ಸುರಿದೆ. ಬ್ರಷ್ಷನ್ನು ಎಲ್ಲಿಯೂ ಇಡಲಿಲ್ಲ, ಅವರ ಕೈಯಲ್ಲಿಯೇ ಕೊಟ್ಟೆ. ಅವರು ಅಂಗಡಿಯ ಬ್ರಷ್ಷಿನ ಕೂದಲು ಹಿಸುಕಿ ನೋಡಿ ಮೂಗು ಮುರಿದರು.

ಯಾವ ಬಣ್ಣ ಎಂದು ಕೇಳಿದೆ. ಬಿಳಿ ಎಂದರು. ಕೋಡಿಗೆ ಬಿಳಿ ಎದ್ದು ಕಾಣುವುದಿಲ್ಲ ಎಂದು ಯಾರೂ ಹಾಕಿಸಿಕೊಳ್ಳುತ್ತಿರಲಿಲ್ಲವಂತೆ. ಎಲ್ಲರೂ ಬಿಟ್ಟ ಬಣ್ಣವಾದ್ದರಿಂದ ಅದನ್ನು ಅವರು ಮನಸ್ಸಿನಲ್ಲಿಯೇ ತಮ್ಮ ಮನೆಗೆಂದು ತೆಗೆದಿಟ್ಟುಕೊಂಡಿದ್ದರು. ಮೇಲೆ ಬಿಳಿ, ಕೆಳಗೆ ಬಿಳಿ, ನಡುವೆ ಹುರಿಯಷ್ಟು ಸಣ್ಣ ನೀಲಿ. ಎಂಬತ್ತರ ಕೈ ಅದು. ಎಲ್ಲಿ ಗೆರೆ ಕೆಡುವುದೋ ಎಂದು ಸುಜಾತಾ ಹತ್ತಿರ ಬಂದಳು. ನಾನು ಪೈಪನ್ನು ಎರಡೂ ಕೈಯಿಂದ ತಬ್ಬಿಕೊಂಡೆ.

“ಕೈ ನಿಲ್ಲಲಿ ಕಾಕಾ. ನಾ ತಿರಗಸ್ತೇನಿ.”

ಬ್ರಷ್ಷು ತಾಗಿದ ಮೇಲೆ ಆ ಕೈ ಕದಲಲಿಲ್ಲ. ನಾನು ಕೆನ್ನೆ ಪೈಪಿಗೆ ಒತ್ತಿ ಅದನ್ನು ಮೆಲ್ಲಗೆ ತಿರುಗಿಸಿದೆ. ಒಂದು ಬಿಳಿ, ಇನ್ನೊಂದು ಬಿಳಿ, ನಡುವೆ ನೀಲಿ. ಎಲ್ಲಿ ಕೂಡಿತು ಎಂದು ನಾನು ಕನ್ನಡಕ ಹಾಕಿ ಹುಡುಕಿದೆ. ಸಿಗಲಿಲ್ಲ. ಕಾಕಾ ಪಕ್ಕದಲ್ಲಿ ನಿಂತು, ಹುಡುಕು ಹುಡುಕು ಎಂದು ನಗುತ್ತಿದ್ದರು.

ಬ್ರಷ್ಷಿನಲ್ಲಿ ಇನ್ನೂ ನೀಲಿ ಉಳಿದಿತ್ತು. ಹಳೆಯ ಅಭ್ಯಾಸದಂತೆ ಅವರು ತಮ್ಮ ಅಂಗಿಯ ಎಡತೋಳು ಮಡಚತೊಡಗಿದರು. ನಾನು ನಡುವೆ ನನ್ನ ತೋಳು ಚಾಚಿದೆ. ಒಂದು ಗಳಿಗೆ ತಡೆದು ನನ್ನ ಮುಖ ನೋಡಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಬ್ರಷ್ಷು ಇಟ್ಟರು. ಇಡೀ ಬೇಸಿಗೆ ಕಲಿಸಿದವರು, ನನ್ನ ಕೈ ಹಿಡಿದದ್ದು ಅದೇ ಮೊದಲು.